ನಾವು ಮಾಡಿದ್ವಿ, ಸರ್

ಮೈಸೂರು, ಮಂಡ್ಯ ಕಡೆಯವರಿಗೆ ಇಂಟರ್‌ವ್ಯೂನಲ್ಲಿ ಇಂಗ್ಲಿಷೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಇಂಗ್ಲಿಷಿನ ತೊಡಕು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಮುಂಚೆ ‘ನಾನು’ ಅನ್ನುವ ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಡಿದ ಕೆಲಸವನ್ನು ತಾನೇ ಹೇಳಿಕೊಂಡರೆ ಜಂಬ ಅಂತ ಮನೆಯಲ್ಲಿ ಕಲಿಸಿರುತ್ತಾರೆ. ಹಾಗಾಗಿ ‘ಈ ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲೇನು?’ ಅಂದರೆ ‘ನಾವು ಟೀಮಲ್ಲಿ ಮಾಡಿದ್ವಿ ಸರ್, ಚೆನ್ನಾಗಿ ಬಂತು’ ಅನ್ನುವ ಉತ್ತರ ಬರುತ್ತದೆ. ಎದುರು ಕೂತವರು ಪೆನ್ನು ಹಿಡಿದು ಕಾಯುತ್ತಾರೆ. ಬರೆದುಕೊಳ್ಳುವಂಥದ್ದು ಏನೂ ಸಿಗುವುದಿಲ್ಲ.

ಇದಕ್ಕೆ ಮದ್ದು ಅಂತ ಕೋಚಿಂಗ್‌ನವರು ‘ಕಾನ್ಫಿಡೆನ್ಸ್’ ಕಲಿಸುತ್ತಾರೆ. ಎದೆ ಸೆಟೆಸಿ, ದನಿ ಏರಿಸಿ, ‘ಐ ಆಮ್ ಎ ಹಾರ್ಡ್ ವರ್ಕರ್, ಕ್ವಿಕ್ ಲರ್ನರ್’ ಅಂತ ಹೇಳಿಸುತ್ತಾರೆ. ಅದು ಬಾಡಿಗೆ ಕೋಟು ತೊಟ್ಟ ಹಾಗೆ ಕಾಣುತ್ತದೆ; ಕೇಳುವವರು ಆ ಮಾತನ್ನು ಬೆಳಿಗ್ಗೆಯಿಂದ ಎಂಟು ಸಲ ಕೇಳಿರುತ್ತಾರೆ. ಸಂಕೋಚದವರಿಗೆ ಒಗ್ಗುವ ದಾರಿ ಬೇರೆ ಇದೆ: ಅಂಕಿ ಹಿಡಿದು ಮಾತಾಡುವುದು. ಎಷ್ಟು, ಎಂದಿನಿಂದ ಎಂದಿನವರೆಗೆ, ಯಾವ ಮೆಷಿನ್, ಯಾವ ತಪ್ಪು, ಕೊನೆಗೆ ಏನಾಯಿತು. ಅಷ್ಟು ಹೇಳಿದರೆ ಜಂಬವೂ ಆಗುವುದಿಲ್ಲ, ಕೆಲಸವೂ ಮುಚ್ಚಿಹೋಗುವುದಿಲ್ಲ.

ಒಂದು ಉತ್ತರವನ್ನು ಹತ್ತಿರದಿಂದ ನೋಡೋಣ. ನಂಜನಗೂಡು ಕಡೆಯ ಕಾರ್ಖಾನೆಯೊಂದರಲ್ಲಿ ಮೂರು ವರ್ಷ ದುಡಿದ ಡಿಪ್ಲೊಮಾ ಹುಡುಗ ಅಂತ ಇಟ್ಟುಕೊಳ್ಳಿ. ಅವನ ಮೊದಲ ಉತ್ತರ: ‘ನಮ್ಮ ಲೈನಲ್ಲಿ ರಿಜೆಕ್ಷನ್ ಜಾಸ್ತಿ ಇತ್ತು, ಅದನ್ನ ಕಡಿಮೆ ಮಾಡಿದ್ವಿ.’ ಅದನ್ನೇ ಬಿಡಿಸಿ ಹೇಳಿದರೆ ಹೀಗಾಗುತ್ತದೆ: ‘ಸಾವಿರ ಪೀಸಿಗೆ 42 ರಿಜೆಕ್ಟ್ ಆಗ್ತಿತ್ತು. ನಾನು ಎರಡು ವಾರ ಶಿಫ್ಟ್‌ವಾರು ಲೆಕ್ಕ ಬರೆದೆ. ಹೆಚ್ಚಿನವು ರಾತ್ರಿ ಪಾಳಿಯ ಕೊನೆಗೆ, ಒಂದೇ ಫಿಕ್ಸ್‌ಚರ್‌ನಿಂದ ಬರ್ತಿದ್ವು. ಕ್ಲ್ಯಾಂಪ್ ಸವೆದು ಪೀಸ್ ಅಲ್ಲಾಡ್ತಿತ್ತು. ಮುರಿಯೋವರೆಗೆ ಕಾಯದೆ ಮೂರು ವಾರಕ್ಕೊಮ್ಮೆ ಕ್ಲ್ಯಾಂಪ್ ಬದಲಿಸೋಣ ಅಂತ ಸೂಪರ್‌ವೈಸರ್‌ಗೆ ಹೇಳಿ ಒಪ್ಪಿಸಿದೆ. ರಿಜೆಕ್ಷನ್ 15ಕ್ಕೆ ಇಳೀತು. ಬದಲಿಸಿದವರು ಮೇಂಟೆನೆನ್ಸ್‌ನವರು, ಲೆಕ್ಕ ಇಟ್ಟು ಕಾರಣ ಹುಡುಕಿದ್ದು ನಾನು.’ ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದಿ. ಜೊತೆಯವರ ಪಾಲನ್ನು ಅವರಿಗೆ ಕೊಟ್ಟು, ತನ್ನದನ್ನು ತಾನು ಇಟ್ಟುಕೊಂಡಿದ್ದಾನೆ. ಮನೆಯಲ್ಲಿ ಕಲಿಸಿದ ಮರ್ಯಾದೆಗೆ ಭಂಗವಿಲ್ಲ.

ಇಂಥ ಘಟನೆಗಳು ನಾಲ್ಕು ಸಾಕು. ಒಂದು ನೀವೇ ಬಿಡಿಸಿದ ಸಮಸ್ಯೆ, ಒಂದು ನಿಮ್ಮಿಂದಾದ ತಪ್ಪು, ಒಂದು ಯಾರೊಂದಿಗೋ ಬಂದ ಭಿನ್ನಾಭಿಪ್ರಾಯ, ಒಂದು ಗೊತ್ತಿಲ್ಲದ್ದನ್ನು ಗಡಿಬಿಡಿಯಲ್ಲಿ ಕಲಿತದ್ದು. ಒಂದೊಂದನ್ನೂ ಎ4 ಹಾಳೆಯ ಕಾಲು ಭಾಗದಲ್ಲಿ ಬರೆಯಿರಿ. ವಾಕ್ಯ ಬೇಡ, ಅಂಕಿ, ಹೆಸರು, ಕ್ರಮ ಇಷ್ಟೇ. ವಾಕ್ಯ ಬರೆದರೆ ಬಾಯಿಪಾಠವಾಗುತ್ತದೆ, ಬಾಯಿಪಾಠದ ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಎಳೆ ಕಡಿದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಇಂಟರ್‌ವ್ಯೂನಲ್ಲಿ ಬರುವ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಈ ನಾಲ್ಕರಲ್ಲಿ ಒಂದು ಹೊಂದುತ್ತದೆ. ‘ನಿಮ್ಮ ವೀಕ್‌ನೆಸ್ ಏನು’ ಅಂದಾಗ ‘ನಾನು ಪರ್ಫೆಕ್ಷನಿಸ್ಟ್’ ಅನ್ನುವ ಸವಕಲು ಉತ್ತರಕ್ಕಿಂತ ಆ ಎರಡನೆಯ ಘಟನೆ, ಆಮೇಲೆ ಏನು ಬದಲಾಯಿಸಿಕೊಂಡಿರಿ ಅನ್ನುವುದರ ಸಮೇತ, ಎಷ್ಟೋ ಮೇಲು.

‘ನಿಮ್ಮ ಬಗ್ಗೆ ಹೇಳಿ’ ಅನ್ನುವುದಕ್ಕೆ ಒಂದೂವರೆ ನಿಮಿಷ ಇಟ್ಟುಕೊಳ್ಳಿ, ಇಂಗ್ಲಿಷಿನಲ್ಲಿ ಸುಮಾರು 200 ಪದ. ‘ಮೈಸೆಲ್ಫ್ ಮಹೇಶ’ ಅಂತ ಶುರು ಮಾಡಬೇಡಿ, ‘ಐ ಆಮ್ ಮಹೇಶ’ ಸಾಕು. ಅಪ್ಪ ಏನು ಮಾಡುತ್ತಾರೆ, ಅಕ್ಕನ ಮದುವೆ ಎಲ್ಲಿಗಾಗಿದೆ ಎಂಬುದು ನಮ್ಮ ಕಡೆ ಪರಿಚಯದ ಭಾಗ, ಆ ಕೋಣೆಯಲ್ಲಿ ಅಲ್ಲ. ಈಗ ಮಾಡುತ್ತಿರುವ ಕೆಲಸದಿಂದ ಶುರು ಮಾಡಿ, ಅಲ್ಲಿಗೆ ಹೇಗೆ ಬಂದಿರಿ ಅಂತ ಹಿಂದಕ್ಕೆ ಹೋಗಿ, ಈ ಕೆಲಸ ಯಾಕೆ ಬೇಕು ಅಂತ ಮುಗಿಸಿ. ಫ್ರೆಷರ್ ಆದರೆ ಪ್ರಾಜೆಕ್ಟ್‌ನಿಂದ ಶುರು ಮಾಡಿ. ಮೊಬೈಲಿನಲ್ಲಿ ಮೂರು ಸಲ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮ್ಮ ದನಿಯೇ ನಿಮಗೆ ಸಹಿಸದು. ಎರಡನೆಯ ಸಲ ‘ಆಕ್ಚುಯಲಿ’ಗಳನ್ನು ಎಣಿಸುತ್ತೀರಿ. ಮೂರನೆಯದು ಕೇಳುವಂತಿರುತ್ತದೆ.

ವಿಷಯದ ಓದು ಅವರವರ ಕಸುಬಿಗೆ ಬಿಟ್ಟದ್ದು. ಆದರೂ ಒಂದು ಗಮನಿಸಿ: ಅನುಭವ ಇದೆಯೋ ಇಲ್ಲವೋ ಅಂತ ತಿಳಿಯಲು ಕೇಳುವವರು ವ್ಯಾಖ್ಯಾನ ಕೇಳುವುದು ಕಡಿಮೆ, ದಿನಚರಿ ಕೇಳುವುದು ಹೆಚ್ಚು. ಅಕೌಂಟ್ಸ್ ಕೆಲಸಕ್ಕೆ ಹೋದವರಿಗೆ ‘ಜಿಎಸ್‌ಟಿ ಅಂದರೇನು’ ಅನ್ನುವುದಕ್ಕಿಂತ ‘ತಿಂಗಳ 10ರಿಂದ 20ರವರೆಗೆ ನಿಮ್ಮ ಟೇಬಲ್ ಮೇಲೆ ಏನಿರುತ್ತೆ’ ಅಂದರೆ ಬಣ್ಣ ಬಯಲಾಗುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 14ಕ್ಕೆ 2ಬಿ (ಖರೀದಿ ಮೇಲಿನ ತೆರಿಗೆ ಕ್ರೆಡಿಟ್‌ನ ಪಟ್ಟಿ) ಬರುತ್ತದೆ, ಅದನ್ನು ಖರೀದಿ ಬಿಲ್ಲುಗಳೊಂದಿಗೆ ತಾಳೆ ನೋಡಿ 20ರೊಳಗೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ಕೆಲಸ ಮಾಡಿದವರಿಗೆ ಇದು ನಿದ್ದೆಯಲ್ಲೂ ಬರುತ್ತದೆ. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಹೋಗುವವರು ಬ್ರಿಕ್ಸ್ ಎಂದರೆ ರಸದಲ್ಲಿ ಕರಗಿದ ಘನಾಂಶ, ಪೋಲ್ ಎಂದರೆ ಅದರಲ್ಲಿರುವ ಸಕ್ಕರೆಯ ಅಳತೆ ಅಂತ ಹೇಳಿ ನಿಲ್ಲಿಸದೆ, ಕಡಿದ ಕಬ್ಬು ಗಾಡಿಯಲ್ಲೇ ಎರಡು ದಿನ ಒಣಗಿದರೆ ರಿಕವರಿ (ಕಬ್ಬಿನಿಂದ ಕೈಗೆ ಸಿಗುವ ಸಕ್ಕರೆಯ ಪ್ರಮಾಣ) ಯಾಕೆ ಬೀಳುತ್ತದೆ ಅಂತ ಹೇಳಲು ಬರಬೇಕು.

ಮೈಸೂರಿನ ಕಂಪನಿಗಳು ಕೇಳುವ ಇನ್ನೊಂದು ಪ್ರಶ್ನೆ ಇದೆ. ಹೆಬ್ಬಾಳ, ಕೂರ್ಗಳ್ಳಿ, ಹೂಟಗಳ್ಳಿ ಎಲ್ಲ ಕಡೆ ಒಂದೇ ಭಯ: ವರ್ಷ ತುಂಬುವಷ್ಟರಲ್ಲಿ ಹುಡುಗ ಬೆಂಗಳೂರಿಗೆ ಹೊರಡುತ್ತಾನೆ. ಬೆಂಗಳೂರಿನಿಂದ ವಾಪಸ್ ಬರುತ್ತಿರುವವರಿಗಂತೂ ‘ಯಾಕೆ ಬಂದ್ರಿ’ ತಪ್ಪಿದ್ದಲ್ಲ. ‘ಅಪ್ಪ ಅಮ್ಮನಿಗೆ ವಯಸ್ಸಾಯ್ತು’ ನಿಜವೇ ಇರಬಹುದು, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕೆಲಸ ನಿಮಗೆ ಎರಡನೆಯದು ಅಂತ ಕೇಳಿಸುತ್ತದೆ. ಮನೆ ಎಲ್ಲಿ, ಕಂಪನಿಗೆ ಎಷ್ಟು ದೂರ, ಈ ಕೆಲಸದಲ್ಲಿ ಯಾವುದು ಬೇಕು ಅಂತ ಮೂರನ್ನೂ ಜೋಡಿಸಿ ಹೇಳಿ. ಇದರ ತಿರುವುಮುರುವೂ ಉಂಟು. ಬೆಂಗಳೂರಿನ ಕಂಪನಿಗೆ ಮಂಡ್ಯದಿಂದ ದಿನಾ ಓಡಾಡುತ್ತೇನೆ ಅಂದರೆ ಯಾರೂ ನಂಬುವುದಿಲ್ಲ. ಹೋಗಲು 100 ಕಿಲೋಮೀಟರ್, ಬರಲು 100.

ಈಗ ಆನ್‌ಲೈನ್ ವಿಷಯ. ಇದರಲ್ಲಿ ಕೆಡುವುದು ಹೆಚ್ಚಾಗಿ ಸಣ್ಣ ಸಾಮಾನುಗಳಿಂದ.

ಕರೆಂಟಿನಿಂದಲೇ ಶುರು ಮಾಡೋಣ. ಚೆಸ್ಕಾಂನ ‘ವಿದ್ಯುತ್ ವ್ಯತ್ಯಯ’ದ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಫೈಬರಿನ ರೂಟರ್ ಮಲಗುತ್ತದೆ. ರೂಟರಿಗೆಂದೇ ಇರುವ ಪುಟ್ಟ ಯುಪಿಎಸ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ಮೇಲಿನ ಅಕ್ಷರ ಓದಿ: ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಆಂಪಿಯರ್ ಮಾತ್ರ ಒಂದೊಂದರಲ್ಲಿ ಒಂದೊಂದು. ರೂಟರಿಗೆ 2 ಆಂಪಿಯರ್ ಬೇಕಿದ್ದು ಯುಪಿಎಸ್ 1 ಆಂಪಿಯರಿನದಾದರೆ ಕರೆಂಟ್ ಹೋದ ಕೂಡಲೇ ರೂಟರ್ ಆರಿಹೋಗಿ ಮತ್ತೆ ಶುರುವಾಗುತ್ತಿರುತ್ತದೆ. ಯುಪಿಎಸ್ ಬೇಡವೆಂದರೆ ಮೊಬೈಲ್ ಹಾಟ್‌ಸ್ಪಾಟ್ ಮೊದಲೇ ಜೋಡಿಸಿ ಪಾಸ್‌ವರ್ಡ್ ಸೇವ್ ಆಗಿರಲಿ. ಒಂದು ಗಂಟೆಯ ವಿಡಿಯೊ ಕರೆ ಅರ್ಧ ಜಿಬಿಯಿಂದ ಒಂದೂವರೆ ಜಿಬಿವರೆಗೂ ತಿನ್ನಬಹುದು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವರು ಬೆಳಿಗ್ಗೆ ರೀಲ್ಸ್ ನೋಡದಿದ್ದರೆ ಒಳ್ಳೆಯದು.

ಹಳೇ ಮೈಸೂರಿನ ಅಗ್ರಹಾರದ ಕಡೆಯ ಮನೆಗಳಿಗೆ ಇನ್ನೊಂದು ತಾಪತ್ರಯ. ಗೋಡೆ ಒಂದೂವರೆ ಅಡಿ ದಪ್ಪ. 5 ಗಿಗಾಹರ್ಟ್ಸ್ ವೈಫೈ ವೇಗವಾಗಿದ್ದರೂ ಇಂಥ ಗೋಡೆ ದಾಟುವಾಗ ಸೋಲುತ್ತದೆ, 2.4 ನಿಧಾನ, ಆದರೆ ದಾಟುತ್ತದೆ. ವಿಡಿಯೊ ಕರೆಗೆ ಎರಡು ಮೂರು ಎಂಬಿಪಿಎಸ್ ಸಾಕು, ಕಡಿಯದೆ ಬರಬೇಕು ಅಷ್ಟೆ. ರೂಟರ್ ಇರುವ ಹಾಲಿಗೇ ಕುರ್ಚಿ ತಂದುಕೊಳ್ಳುವುದೋ, 10 ಮೀಟರ್ ಲ್ಯಾನ್ ಕೇಬಲ್ ಎಳೆಯುವುದೋ ಇನ್ನೂ ಮೇಲು. ಹಾಗೇ, ರೆಡ್ ಆಕ್ಸೈಡ್ ನೆಲದ ಖಾಲಿ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಒಂದು ಜಮಖಾನ ಹಾಸಿ, ಎದುರಿನ ಮಂಚದ ಮೇಲೆ ಎರಡು ರಗ್ಗು ಬಿಡಿಸಿಟ್ಟರೆ ಅರ್ಧ ಗದ್ದಲ ಹೀರಿಕೊಳ್ಳುತ್ತದೆ.

ಇಯರ್‌ಫೋನ್ ತಂತಿಯದೇ ಇರಲಿ. ಬ್ಲೂಟೂತಿನವು ಹಾಡಿಗೆ ಚೆನ್ನ, ಆದರೆ ಮೈಕ್ ಚಾಲೂ ಆದ ಕ್ಷಣ ಅವು ಹಾಡಿನ ಮೋಡ್ ಬಿಟ್ಟು ಕರೆಯ ಮೋಡಿಗೆ ಇಳಿಯುತ್ತವೆ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ದನಿ ಡಬ್ಬಿಯೊಳಗಿಂದ ಬಂದ ಹಾಗಾಗುತ್ತದೆ. ಅದೂ ಅಲ್ಲದೆ ಪಕ್ಕದ ಕೋಣೆಯ ಮೊಬೈಲ್ ಅದನ್ನು ತನ್ನ ಕಡೆ ಎಳೆದುಕೊಂಡರೆ ಇಂಟರ್‌ವ್ಯೂ ಮಧ್ಯೆ ಕಿವಿಗೆ ಧಾರಾವಾಹಿ ಕೇಳಿಸುತ್ತದೆ.

ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕು. ಲ್ಯಾಪ್‌ಟಾಪ್ ಕೆಳಗೆ ನಾಲ್ಕೈದು ಇಂಚು ದಪ್ಪ ಪುಸ್ತಕ ಇಡಿ, ನೀವು ಒಂದು ತೋಳಿನ ದೂರ ಕೂರಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪು ಮಾಡುತ್ತದೆ. ಕಿಟಕಿಗೆ ಮುಖ ಮಾಡಿ. ಬೆಳಿಗ್ಗೆ 10ಕ್ಕೆ ಸರಿಯಿದ್ದ ಜಾಗದಲ್ಲಿ ಸಂಜೆ 4ಕ್ಕೆ ಬಿಸಿಲು ನೇರ ಕಣ್ಣಿಗೆ ಬೀಳಬಹುದು, ಆದ್ದರಿಂದ ಟ್ರಯಲ್ ನೋಡುವುದಾದರೆ ಇಂಟರ್‌ವ್ಯೂ ಇರುವ ಹೊತ್ತಿನಲ್ಲೇ ನೋಡಿ. ಮಾತಾಡುವಾಗ ಕ್ಯಾಮೆರಾದ ಚುಕ್ಕೆಯನ್ನು ನೋಡಬೇಕು, ಕೇಳುವಾಗ ಪರದೆ ನೋಡಿದರೆ ನಡೆಯುತ್ತದೆ.

ಕಂಪನಿ ಕಳಿಸಿದ ಲಿಂಕನ್ನು ಹಿಂದಿನ ದಿನವೇ ಒತ್ತಿ ನೋಡಿ. ಟೀಮ್ಸೋ ಜೂಮೋ ಮೀಟೋ, ಒಂದೊಂದಕ್ಕೂ ಮೈಕ್, ಕ್ಯಾಮೆರಾಕ್ಕೆ ಬ್ರೌಸರಿನ ಅನುಮತಿ ಬೇಕು. ಸ್ಕ್ರೀನ್ ಹಂಚಿಕೊಳ್ಳಲು ಮ್ಯಾಕ್‌ನಲ್ಲಿ ಪ್ರತ್ಯೇಕ ಅನುಮತಿ ಕೊಟ್ಟು ಆಪ್ ಮುಚ್ಚಿ ತೆರೆಯಬೇಕು, ಇದು ಇಂಟರ್‌ವ್ಯೂ ಮಧ್ಯೆಯೇ ಗೊತ್ತಾಗುವ ಸಂಗತಿ. ಇಡೀ ಸ್ಕ್ರೀನ್ ಹಂಚುವ ಬದಲು ಒಂದು ವಿಂಡೊ ಮಾತ್ರ ಹಂಚಿ, ಇಲ್ಲವಾದರೆ ವಾಟ್ಸಾಪ್ ವೆಬ್‌ನಲ್ಲಿ ಚಿಕ್ಕಮ್ಮನ ‘ಏನಾಯ್ತೋ?’ ಎಲ್ಲರಿಗೂ ಕಾಣುತ್ತದೆ. ಸಣ್ಣ ಕಂಪನಿಯವರು ಜೂಮ್‌ನ ಪುಕ್ಕಟೆ ಖಾತೆ ಬಳಸುತ್ತಿದ್ದರೆ 40 ನಿಮಿಷಕ್ಕೆ ಕರೆ ತಾನಾಗಿ ಕಡಿಯುತ್ತದೆ. ಗಾಬರಿಯಾಗದೆ ಅದೇ ಲಿಂಕ್ ಮತ್ತೆ ಒತ್ತಿ. ಅಮೆರಿಕದವರು ಕೊಟ್ಟ ಸಮಯದಲ್ಲೂ ಎಚ್ಚರವಿರಲಿ. ನ್ಯೂಯಾರ್ಕಿನ ಬೆಳಿಗ್ಗೆ 10 ಅಂದರೆ ಅವರ ಚಳಿಗಾಲದಲ್ಲಿ ನಮ್ಮ ರಾತ್ರಿ 8.30, ಬೇಸಿಗೆಯಲ್ಲಿ 7.30.

ಉತ್ತರವನ್ನು ಪರದೆಯಿಂದ ಓದುವ, ಪಕ್ಕದಲ್ಲಿ ಎಐ ತೆರೆದಿಟ್ಟುಕೊಳ್ಳುವ ಅಭ್ಯಾಸ ಈಗ ಹೆಚ್ಚಾಗಿದೆ. ಕಣ್ಣು ಸಾಲಿನಿಂದ ಸಾಲಿಗೆ ಓಡುವುದು ಕಾಣುತ್ತದೆ, ಪ್ರತಿ ಪ್ರಶ್ನೆಗೂ ಐದೈದು ಸೆಕೆಂಡ್ ಮೌನವೂ ಕಾಣುತ್ತದೆ. ಮುಂದಿನ ಪ್ರಶ್ನೆ ‘ಯಾಕೆ ಹಾಗೆ ಮಾಡಿದ್ರಿ’ ಅಂತ ಬಂದರೆ ಅಲ್ಲಿಗೆ ಮುಗಿಯಿತು. ನಿಮ್ಮ ಎ4 ಹಾಳೆಯನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಳ್ಳುವುದು ತಪ್ಪಲ್ಲ.

ನೇರ ಇಂಟರ್‌ವ್ಯೂಗೆ ಫೈಲು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಇಲ್ಲವೇ ಪ್ರೊವಿಷನಲ್, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಮೂರು ತಿಂಗಳ ಪೇಸ್ಲಿಪ್, ಆಧಾರ್, ಪ್ಯಾನ್, ನಾಲ್ಕು ಫೋಟೊ. ಎರಡು ಸೆಟ್ ಜೆರಾಕ್ಸ್. ಒರಿಜಿನಲ್ ತೋರಿಸಿ ವಾಪಸ್ ತೆಗೆದುಕೊಳ್ಳಿ. ‘ಒರಿಜಿನಲ್ ನಮ್ಮಲ್ಲೇ ಇರಲಿ’ ಅನ್ನುವ ಕಡೆ ಕೆಲಸಕ್ಕೆ ಸೇರುವ ಮುನ್ನ ಎರಡು ಸಲ ಯೋಚಿಸಿ.

ಫೈಲಿನಲ್ಲಿ ನಿಜವಾಗಿ ಕಾಡುವುದು ಹೆಸರು. ನಮ್ಮ ಕಡೆ ಸರ್‌ನೇಮ್ ಇಲ್ಲ, ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್. ಎಸ್‌ಎಸ್‌ಎಲ್‌ಸಿಯಲ್ಲಿ ‘ಮಹೇಶ ಕೆ.ಎಸ್.’, ಇಂಗ್ಲಿಷಿನಲ್ಲಿ ಕೊನೆಗೊಂದು ‘ಎ’ ಅಕ್ಷರ. ಆಧಾರಿನಲ್ಲಿ ಆ ‘ಎ’ ಇಲ್ಲದ ಮಹೇಶ್. ಪ್ಯಾನ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದದ್ದಕ್ಕೆ ಮಹೇಶ್ ಶಿವಣ್ಣ. ಒಬ್ಬನೇ ಮನುಷ್ಯ, ಮೂರು ಹೆಸರು. ಇಂಟರ್‌ವ್ಯೂನಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಆಯ್ಕೆಯಾದ ಮೇಲೆ ಹಿನ್ನೆಲೆ ಪರಿಶೀಲನೆಯವರು ನಿಲ್ಲಿಸುತ್ತಾರೆ, ಪಿಎಫ್ ಖಾತೆ ಆಧಾರಿಗೆ ಹೊಂದದೆ ಕೂರುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇರುವುದನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ತಿದ್ದಿಸಿ, ಯಾಕೆಂದರೆ ಅದನ್ನು ತಿದ್ದಿಸುವುದೇ ಎಲ್ಲಕ್ಕಿಂತ ತ್ರಾಸ. ಆಧಾರಿನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ, ಅವಸರದಲ್ಲಿ ಒಂದನ್ನು ಹಾಳುಮಾಡಿಕೊಳ್ಳಬೇಡಿ. ಕೆಲಸ ಹುಡುಕಲು ಶುರು ಮಾಡಿದ ವಾರವೇ ಮಾಡಬೇಕಾದ ಕೆಲಸ ಇದು.

ಇನ್ನೊಂದು, ಶೇಕಡಾ ಲೆಕ್ಕ. ಸಿಜಿಪಿಎಯನ್ನು ಕಣ್ಣು ಮುಚ್ಚಿ ಹತ್ತರಿಂದ ಗುಣಿಸಬೇಡಿ. ವಿಟಿಯುನ 2018ರ ಸ್ಕೀಮಿನಲ್ಲಿ 0.75 ಕಳೆದು ಹತ್ತರಿಂದ ಗುಣಿಸಬೇಕು. 8.2 ಅಂದರೆ 82 ಅಲ್ಲ, 74.5. ರೆಸ್ಯೂಮಿನಲ್ಲಿ 82 ಅಂತ ಇದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ, ಉದ್ದೇಶ ಇಲ್ಲದಿದ್ದರೂ. ನಿಮ್ಮ ವಿಶ್ವವಿದ್ಯಾಲಯದ, ನಿಮ್ಮ ಸ್ಕೀಮಿನ ಸೂತ್ರವನ್ನೇ ನೋಡಿ.

ದಾರಿಯ ಲೆಕ್ಕವೂ ಸಿದ್ಧತೆಯ ಪಾಲು. ಇಂಟರ್‌ವ್ಯೂ ವೈಟ್‌ಫೀಲ್ಡಿನಲ್ಲಿದ್ದರೆ ಮೆಜೆಸ್ಟಿಕ್‌ವರೆಗೆ ಹೋಗಿ ಒದ್ದಾಡಬೇಕಿಲ್ಲ, ಕೆಂಗೇರಿಯಲ್ಲಿ ಇಳಿದು ನೇರಳೆ ಮೆಟ್ರೊ ಹತ್ತಿದರೆ ವೈಟ್‌ಫೀಲ್ಡಿಗೆ ಒಂದೇ ರೈಲು. 2023ರ ಅಕ್ಟೋಬರಿನಿಂದ ಪೂರ್ತಿ ಮಾರ್ಗ ತೆರೆದಿದೆ. ಮೆಟ್ರೊದಲ್ಲೇ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಗಾದರೆ ಮೆಜೆಸ್ಟಿಕ್‌ನಲ್ಲಿ ಹಸಿರು, ಆರ್.ವಿ. ರೋಡಿನಲ್ಲಿ ಹಳದಿ. ಬೈಕಿನಲ್ಲಿ ಹೊರಡುವ ಹುಮ್ಮಸ್ಸಿನವರಿಗೆ ನೆನಪಿರಲಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ದ್ವಿಚಕ್ರಕ್ಕೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ಊರೊಳಗಿನ ಕಾರ್ಖಾನೆಗಾದರೂ ಗೇಟಿಗೂ ಕೋಣೆಗೂ 20 ನಿಮಿಷದ ಅಂತರ ಇರುತ್ತದೆ: ರಿಜಿಸ್ಟರ್, ಗುರುತಿನ ಚೀಟಿ, ಕೆಲವು ಕಡೆ ಮೊಬೈಲ್ ಗೇಟಿನಲ್ಲೇ. ಶಾಪ್ ಫ್ಲೋರ್ ತೋರಿಸುವ ಸಾಧ್ಯತೆ ಇರುವ ಕಡೆ ಚಪ್ಪಲಿ ಬೇಡ, ಶೂ. ಚಾಮುಂಡಿ ಬೆಟ್ಟಕ್ಕೆ ಹೋಗಿ ಕೈಮುಗಿದು ಬರುವವರು ಹಿಂದಿನ ದಿನವೇ ಹೋಗಿ ಬನ್ನಿ. ಆಷಾಢ ಶುಕ್ರವಾರ ಇಂಟರ್‌ವ್ಯೂ ಇದ್ದರೆ ಕೆಳಗಿನಿಂದಲೇ ಕೈಮುಗಿಯಿರಿ, ತಾಯಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಂಬಳದ ಮಾತು ಬಂದಾಗ ನಮ್ಮವರು ಮತ್ತೆ ‘ನೀವೇ ನೋಡಿ ಕೊಡಿ ಸರ್’ಗೆ ಬರುತ್ತಾರೆ. ಇಲ್ಲೂ ಅಂಕಿಯೇ ಕೈ ಹಿಡಿಯಬೇಕು. ವರ್ಷಕ್ಕೆ 4.2 ಲಕ್ಷ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 35,000, ಆದರೆ ಕೈಗೆ ಬರುವುದು ಅದಲ್ಲ. ಬೇಸಿಕ್ 17,500 ಅಂತ ಹಿಡಿಯಿರಿ. ಕಂಪನಿಯ ಪಾಲಿನ ಪಿಎಫ್ 1,800 (15,000ದ ಮಿತಿಗೆ ಶೇ 12), ಗ್ರಾಚುಯಿಟಿ ಬೇಸಿಕ್‌ನ ಶೇ 4.81 ಅಂದರೆ 842. ಎರಡೂ ಸಿಟಿಸಿಯೊಳಗೇ ಸೇರಿರುತ್ತವೆ, ಅಲ್ಲಿಗೆ 32,358. ನಿಮ್ಮ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200. ಕೈಗೆ 30,358. ಸಿಟಿಸಿಯ ಶೇ 10 ‘ವೇರಿಯಬಲ್’ ಆಗಿದ್ದು ವರ್ಷಕ್ಕೊಮ್ಮೆ ಕೊಡುವುದಾದರೆ ತಿಂಗಳಿಗೆ ಇನ್ನೂ 3,500 ಕಡಿಮೆ, 26,858. ಅದಕ್ಕೇ ‘ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಕಳೆದ ವರ್ಷ ಅದು ಪೂರ್ತಿ ಸಿಕ್ಕಿತೇ’ ಅಂತ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಿರೀಕ್ಷೆ ಹೇಳುವಾಗ ಒಂದೇ ಅಂಕಿ ಹೇಳಿ. ‘4ರಿಂದ 5’ ಅಂದರೆ ಅವರಿಗೆ 4 ಮಾತ್ರ ಕೇಳಿಸುತ್ತದೆ. ನೋಟಿಸ್ ಅವಧಿ 60 ದಿನವೋ 90 ದಿನವೋ, ಹಳೇ ಆಫರ್ ಲೆಟರ್ ತೆಗೆದು ನೋಡಿಯೇ ಹೇಳಿ.

ರಿಜಿಸ್ಟ್ರೇಷನ್ ಫೀಸು, ಟ್ರೈನಿಂಗ್ ಡೆಪಾಸಿಟ್, ಲ್ಯಾಪ್‌ಟಾಪ್ ಕೊರಿಯರ್ ಶುಲ್ಕ ಅಂತ ದುಡ್ಡು ಕೇಳಿದರೆ ಅದು ಕೆಲಸವಲ್ಲ, ಮೋಸ. ಕೊಟ್ಟಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಗಳಿಗೆಯಲ್ಲೇ ಕರೆ ಮಾಡಿ.

ಮುಗಿಸಿ ಹೊರಬಂದವರು ಮೊದಲು ಮನೆಗೆ ಫೋನ್ ಮಾಡುತ್ತಾರೆ. ಅದನ್ನು ಹತ್ತು ನಿಮಿಷ ತಡೆದು, ಬಸ್ಸಿನಲ್ಲೋ ಗೇಟಿನ ಹೊರಗಿನ ಟೀ ಅಂಗಡಿಯಲ್ಲೋ ಕೂತು, ಕೇಳಿದ ಪ್ರಶ್ನೆಗಳನ್ನೆಲ್ಲ ಅದೇ ಎ4 ಹಾಳೆಯ ಹಿಂಬದಿಗೆ ಬರೆಯಿರಿ. ಯಾವುದಕ್ಕೆ ತಡವರಿಸಿದಿರಿ ಅನ್ನುವುದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ. ರಾಮನಗರ ದಾಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ, ಮದ್ದೂರಿನಲ್ಲಿ ವಡೆ ತಿಂದ ಮೇಲೆ ಪೂರ್ತಿ.